ಹುಟ್ಟುಗುಣವೆಂದು ಕೈಬಿಡುವ ಮುನ್ನ



ಮನೆಯಲ್ಲಿ, ಕಚೇರಿಯಲ್ಲಿ, ಬಸ್ ನಿಲ್ದಾಣದಲ್ಲಿ ದಿನಕ್ಕೆ ಎಷ್ಟು ಸಲ ನಾವು ಬೇರೆಯವರ ಮೇಲೆ ತೀರ್ಪು ಕೊಡುತ್ತೇವೆ ಎಂದು ಲೆಕ್ಕ ಇಟ್ಟವರಿಲ್ಲ. ‘ಅವನಾ? ಶುದ್ಧ ಸೋಮಾರಿ.’ ‘ಅವಳಿಗೆ ಮೂಗಿನ ತುದೀಲೇ ಕೋಪ.’ ‘ಆ ಯಜಮಾನ್ರದ್ದು ಬರೀ ಹಠ.’ ನ್ಯಾಯಾಲಯದಲ್ಲಿ ವರ್ಷಗಟ್ಟಲೆ ಎಳೆಯುವ ಕೆಲಸ ನಮಗೆ ಒಂದು ಲೋಟ ಕಾಫಿ ಖಾಲಿಯಾಗುವಷ್ಟರಲ್ಲಿ ಮುಗಿದಿರುತ್ತದೆ. ಸಾಕ್ಷಿ ಬೇಕಿಲ್ಲ, ವಾದ ಬೇಕಿಲ್ಲ. ಮೇಲ್ಮನವಿಗೂ ದಾರಿಯಿಲ್ಲ, ‘ಹುಟ್ಟುಗುಣ ಸುಟ್ಟರೂ ಹೋಗದು’ ಎಂಬ ಗಾದೆ ಆ ಬಾಗಿಲನ್ನೂ ಮುಚ್ಚಿಬಿಟ್ಟಿದೆ.

ಈ ಗಾದೆಯ ಜೊತೆ ಜಗಳಕ್ಕೆ ನಿಂತ ಎರಡು ವಿದ್ಯೆಗಳಿವೆ. ಒಂದು ಮನಶ್ಶಾಸ್ತ್ರ, ಇನ್ನೊಂದು ಸಮಾಜಕಾರ್ಯ. ಎರಡೂ ಕೇಳುವುದು ಒಂದೇ ಪ್ರಶ್ನೆ: ಆ ಮನುಷ್ಯ ಹಾಗೆ ನಡೆದುಕೊಂಡ ಹೊತ್ತಿನಲ್ಲಿ ಅವನ ಸುತ್ತಮುತ್ತ ಏನಿತ್ತು? ಈ ಪ್ರಶ್ನೆಯನ್ನು ಮನೆಯೊಳಗೆ ಹೇಗೆ ಬಳಸಿಕೊಳ್ಳಬಹುದು ಎಂಬುದೇ ನನ್ನ ಇವತ್ತಿನ ಮಾತು.

ಒಂದು ಮನೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಎಪ್ಪತ್ತು ದಾಟಿದ ಮಾವ, ಮಗ, ಸೊಸೆ, ಶಾಲೆಗೆ ಹೋಗುವ ಮೊಮ್ಮಗಳು. ಬೆಳಗಿನ ಎಂಟು ಗಂಟೆ. ಅಡುಗೆಮನೆಯಲ್ಲಿ ಮಿಕ್ಸಿ ತಿರುಗುತ್ತಿದೆ, ಕುಕ್ಕರ್ ಕೂಗುತ್ತಿದೆ, ನಡುಮನೆಯಲ್ಲಿ ಟೀವಿ ಹಚ್ಚಿದೆ. ಸೊಸೆ ಒಲೆಯ ಮುಂದಿನಿಂದಲೇ ‘ಮಾವ, ಮಾತ್ರೆ ತಗೊಂಡ್ರಾ?’ ಎನ್ನುತ್ತಾಳೆ. ಉತ್ತರವಿಲ್ಲ. ಮತ್ತೊಮ್ಮೆ ಕೇಳುತ್ತಾಳೆ. ಮಾವ ಪತ್ರಿಕೆಯಿಂದ ತಲೆ ಎತ್ತುವುದಿಲ್ಲ. ಮೂರನೆಯ ಸಲ ದನಿ ಏರಿಸಿದಾಗ ‘ಯಾಕಮ್ಮ ಹಾಗೆ ಕಿರುಚ್ತೀಯ, ನಾನೇನು ಕಿವುಡನಾ?’ ಎಂದು ಸಿಡುಕುತ್ತಾರೆ. ಆಮೇಲೆ ಸ್ನಾನ ಮುಗಿಸಿ ಬಂದ ಮಗ ಪಕ್ಕದಲ್ಲೇ ನಿಂತು ‘ಅಪ್ಪಾ, ಪೆನ್ಷನ್ ಬಂತಾ?’ ಎಂದು ಮಾಮೂಲಿ ದನಿಯಲ್ಲಿ ಕೇಳುತ್ತಾನೆ. ‘ಇನ್ನೂ ಇಲ್ಲ ಕಣೋ’ ಎಂದು ತಟ್ಟನೆ ಉತ್ತರ ಬರುತ್ತದೆ. ಸೊಸೆಗೆ ಇನ್ನೇನು ಸಾಕ್ಷಿ ಬೇಕು? ‘ಮಗ ಮಾತಾಡಿದ್ರೆ ಕಿವಿ ಕೇಳ್ಸುತ್ತೆ, ನಾನು ಮಾತಾಡಿದ್ರೆ ಕೇಳ್ಸಲ್ಲ. ಎಲ್ಲಾ ಬೇಕೂಂತ ಮಾಡೋದು.’ ಮಾವನ ಲೆಕ್ಕವೂ ಅಷ್ಟೇ ಗಟ್ಟಿ: ‘ಈ ಮನೇಲಿ ನನ್ನೆದುರು ಬರೀ ಗುಸುಗುಸು, ಇಲ್ಲದಿದ್ರೆ ಕೂಗಾಟ. ಮರ್ಯಾದೆ ಅನ್ನೋದೇ ಇಲ್ಲ.’

ಇಬ್ಬರೂ ಕಂಡದ್ದು ನಿಜ, ಇಬ್ಬರೂ ಮುಟ್ಟಿದ ತೀರ್ಮಾನ ತಪ್ಪು. ವಯಸ್ಸಿನೊಂದಿಗೆ ಬರುವ ಶ್ರವಣದೋಷದಲ್ಲಿ ಎಲ್ಲ ಸದ್ದುಗಳೂ ಒಂದೇ ಅಳತೆಯಲ್ಲಿ ಕುಗ್ಗುವುದಿಲ್ಲ. ಮೊದಲು ಕೈಕೊಡುವುದು ಹೆಚ್ಚಿನ ಕಂಪನದ, ತೀಕ್ಷ್ಣವಾದ ಸದ್ದುಗಳು. ಹೆಂಗಸರ ಮತ್ತು ಮಕ್ಕಳ ದನಿ ಸಾಮಾನ್ಯವಾಗಿ ಆ ಕಡೆಗೆ ವಾಲಿರುತ್ತದೆ. ಗಂಡಸರ ದನಿ ತಗ್ಗಿನದು. ಜೊತೆಗೆ ‘ಸ’, ‘ಶ’ದಂಥ ವ್ಯಂಜನಗಳೂ ಮಸುಕಾಗುತ್ತವೆ. ಆಗ ಯಾರೋ ಮಾತಾಡುತ್ತಿದ್ದಾರೆ ಎಂದು ಕೇಳಿಸುತ್ತದೆ, ಏನು ಹೇಳುತ್ತಿದ್ದಾರೆ ಎಂದು ತಿಳಿಯುವುದಿಲ್ಲ. ಅದಕ್ಕೇ ಅದು ಗುಸುಗುಸು ಎನ್ನಿಸುವುದು. ಹಿನ್ನೆಲೆಯಲ್ಲಿ ಮಿಕ್ಸಿ ಸದ್ದಿದ್ದರೆ ಮುಗಿದೇಹೋಯಿತು. ಕೂಗಿದರೆ ದನಿ ದೊಡ್ಡದಾಗುತ್ತದೆಯೇ ಹೊರತು ಮಾತು ಸ್ಪಷ್ಟವಾಗುವುದಿಲ್ಲ. ಇಂಥ ಕಿವಿಗಳಿಗೆ ಜೋರು ಸದ್ದು ಬೇರೆಯವರಿಗಿಂತ ಹೆಚ್ಚು ಹಿಂಸೆಯಾಗುವುದೂ ಉಂಟು. ಹಾಗಾಗಿ ಆ ಸಿಡುಕು.

ಈ ಮನೆಗೆ ಬೇಕಾದದ್ದು ಬುದ್ಧಿವಾದವಲ್ಲ. ಮಿಕ್ಸಿ ನಿಂತ ಮೇಲೆ ಮಾತಾಡುವುದು, ಮುಖ ಕಾಣುವಂತೆ ಎದುರಿಗೆ ಬಂದು ನಿಂತು ನಿಧಾನವಾಗಿ ಹೇಳುವುದು, ಬಿಡುವು ಮಾಡಿಕೊಂಡು ಒಮ್ಮೆ ಶ್ರವಣ ಪರೀಕ್ಷೆ ಮಾಡಿಸುವುದು, ಇಷ್ಟೇ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1960ರ ದಶಕದಿಂದ ಈ ಕೆಲಸ ಮಾಡುತ್ತಿದೆ. ಆದರೆ ‘ಹಠ’ ಎಂದು ಹೆಸರಿಟ್ಟ ಮೇಲೆ ಯಾರೂ ಪರೀಕ್ಷೆಗೆ ಕರೆದುಕೊಂಡು ಹೋಗುವುದಿಲ್ಲ. ಹಠಕ್ಕೆ ಯಾವ ಆಸ್ಪತ್ರೆಯಲ್ಲೂ ಯಂತ್ರವಿಲ್ಲವಲ್ಲ!

ಸನ್ನಿವೇಶ ಮಾಡಿಸಿದ ಕೆಲಸವನ್ನು ಸ್ವಭಾವದ ತಲೆಗೆ ಕಟ್ಟುವ ಈ ಚಾಳಿಯನ್ನು ಅಮೆರಿಕದ ಮನೋವಿಜ್ಞಾನಿ ಲೀ ರಾಸ್ 1977ರಲ್ಲಿ ಮನುಷ್ಯನ ಮೂಲಭೂತ ತಪ್ಪು ಎಂದೇ ಕರೆದರು. ಅದಕ್ಕೂ ನಾಲ್ಕು ವರ್ಷ ಹಿಂದೆ, 1973ರಲ್ಲಿ, ಜಾನ್ ಡಾರ್ಲಿ ಮತ್ತು ಡೇನಿಯಲ್ ಬ್ಯಾಟ್ಸನ್ ಪ್ರಿನ್ಸ್‌ಟನ್‌ನಲ್ಲಿ ನಡೆಸಿದ ಒಂದು ಪ್ರಯೋಗವನ್ನು ಪ್ರಕಟಿಸಿದರು. ಅದರಲ್ಲಿ ಭಾಗವಹಿಸಿದವರು ಪಾದ್ರಿಗಳಾಗಲು ಓದುತ್ತಿದ್ದ 40 ವಿದ್ಯಾರ್ಥಿಗಳು. ಒಬ್ಬೊಬ್ಬರಿಗೂ ಪಕ್ಕದ ಕಟ್ಟಡಕ್ಕೆ ಹೋಗಿ ಒಂದು ಪುಟ್ಟ ಭಾಷಣ ಮಾಡಿ ಎಂದು ಹೇಳಲಾಯಿತು. ಕೆಲವರಿಗೆ ಕೊಟ್ಟ ವಿಷಯ ಬೈಬಲ್ಲಿನ ದಯಾಳು ಸಮಾರಿಯನ ಕಥೆ, ಅಂದರೆ ದಾರಿಯಲ್ಲಿ ಬಿದ್ದವನನ್ನು ಎತ್ತಿ ಉಪಚರಿಸಿದವನ ಕಥೆ. ಹೋಗುವ ದಾರಿಯಲ್ಲಿ ಒಬ್ಬ ಬಾಗಿಲ ಬಳಿ ಕುಸಿದು ಕುಳಿತು ಕೆಮ್ಮುತ್ತ ನರಳುತ್ತಿದ್ದ. ಅವನನ್ನು ಕೂರಿಸಿದ್ದವರು ಪ್ರಯೋಗ ಮಾಡುವವರೇ. ‘ಇನ್ನೂ ಸಮಯವಿದೆ’ ಎಂದು ಹೇಳಿಸಿಕೊಂಡು ಹೊರಟವರಲ್ಲಿ ನೂರಕ್ಕೆ 63 ಮಂದಿ ನಿಂತು ನೆರವಾದರು. ‘ಆಗಲೇ ತಡವಾಗಿದೆ, ಬೇಗ ಹೋಗಿ’ ಎನ್ನಿಸಿಕೊಂಡವರಲ್ಲಿ ನೆರವಾದವರು ನೂರಕ್ಕೆ 10 ಮಾತ್ರ. ಸಮಾರಿಯನ ಕಥೆ ಹೇಳಲು ಹೊರಟಿದ್ದವರಲ್ಲೇ ಕೆಲವರು ಬಿದ್ದವನನ್ನು ದಾಟಿಕೊಂಡು ಹೋದರು. ಅವರೆಲ್ಲ ಒಂದೇ ಗುರುಕುಲದಲ್ಲಿ ಒಂದೇ ಪಾಠ ಕೇಳಿದವರು. ಕರುಣೆ ಯಾರಲ್ಲೂ ಬತ್ತಿರಲಿಲ್ಲ, ಗಡಿಯಾರ ಅದರ ದಾರಿಗೆ ಅಡ್ಡ ಬಂದಿತ್ತು. ಪ್ರಯೋಗ ಸಣ್ಣದು, ನಿಜ. ಆದರೆ ಬೆಳಗಿನ ಒಂಬತ್ತು ಗಂಟೆಗೆ ಬೆಂಗಳೂರಿನ ಯಾವ ವೃತ್ತದಲ್ಲಿ ನಿಂತು ನೋಡಿದರೂ ಅದು ಹೇಳುವುದು ಸುಳ್ಳೆನ್ನಿಸುವುದಿಲ್ಲ.

ಇದರಲ್ಲಿ ಒಂದು ತಮಾಷೆಯೂ ಇದೆ. ಈ ತಪ್ಪನ್ನು ನಾವು ನಮ್ಮ ವಿಷಯದಲ್ಲಿ ಮಾಡಿಕೊಳ್ಳುವುದಿಲ್ಲ. ನಾನು ತಡವಾಗಿ ಬಂದರೆ ಬಸ್ಸು ಕೆಟ್ಟಿತ್ತು, ಮಳೆ ಬಂತು, ಮಗುವಿಗೆ ಜ್ವರ. ಪಕ್ಕದ ಮೇಜಿನವರು ತಡವಾಗಿ ಬಂದರೆ ಅವರಿಗೆ ಶಿಸ್ತಿಲ್ಲ. ನನ್ನ ಸಿಟ್ಟಿಗೆ ಕಾರಣವಿದೆ, ನಿಮ್ಮ ಸಿಟ್ಟು ನಿಮ್ಮ ಗುಣ. ಎಡ್ವರ್ಡ್ ಜೋನ್ಸ್ ಮತ್ತು ರಿಚರ್ಡ್ ನಿಸ್ಬೆಟ್ ಎಂಬ ವಿದ್ವಾಂಸರು 1971ರಷ್ಟು ಹಿಂದೆಯೇ ಇದನ್ನು ಗುರುತಿಸಿದ್ದರು. ನಮ್ಮ ಸುತ್ತಲಿನ ಒತ್ತಡ ನಮಗೆ ಕಾಣುತ್ತದೆ. ಎದುರಿನವರ ವಿಷಯದಲ್ಲಿ ಕಾಣುವುದು ಅವರ ಮುಖ ಮಾತ್ರ.

ಆ ಕಾಣದ ಭಾಗವನ್ನು ಹುಡುಕಿಕೊಂಡು ಹೋಗುವುದನ್ನೇ ಕಸುಬಾಗಿಸಿದವರು ಸಮಾಜಕಾರ್ಯಕರ್ತರು. ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಅಮೆರಿಕದ ದಾನಧರ್ಮದ ಸಂಸ್ಥೆಗಳು ಬಡವರನ್ನು ಸಹಾಯಕ್ಕೆ ಯೋಗ್ಯರು, ಅಯೋಗ್ಯರು ಎಂದು ಎರಡು ಪಾಲು ಮಾಡುತ್ತಿದ್ದವು. ಕುಡುಕ ಅಯೋಗ್ಯ, ಸೋಮಾರಿ ಅಯೋಗ್ಯ. ಬಾಲ್ಟಿಮೋರಿನ ಅಂಥದೇ ಒಂದು ಸಂಸ್ಥೆಗೆ 1889ರಲ್ಲಿ ಸಹಾಯಕ ಖಜಾಂಚಿಯಾಗಿ ಸೇರಿದ ಮೇರಿ ರಿಚ್ಮಂಡ್ ಬರಬರುತ್ತ ಈ ಪದ್ಧತಿಯನ್ನೇ ಬದಲಿಸಿದರು. ಒಬ್ಬರ ಕಷ್ಟ ಅರ್ಥವಾಗಬೇಕಾದರೆ ಅವರ ಮನೆಗೆ ಹೋಗಬೇಕು. ಬಂಧುಗಳು, ನೆರೆಹೊರೆಯವರು, ಶಾಲೆಯ ಮೇಷ್ಟ್ರು, ಕೆಲಸ ಕೊಟ್ಟವರು, ವೈದ್ಯರು, ಎಲ್ಲರನ್ನೂ ಮಾತಾಡಿಸಿ ಸಂಗತಿಗಳನ್ನು ಕಲೆಹಾಕಬೇಕು. ಊಹೆಯನ್ನು ಸಾಕ್ಷ್ಯ ಎಂದುಕೊಳ್ಳಬಾರದು. 1917ರಲ್ಲಿ ಅವರು ಬರೆದ ‘ಸೋಶಿಯಲ್ ಡಯಾಗ್ನೋಸಿಸ್’ ಎಂಬ ದಪ್ಪ ಪುಸ್ತಕದ ಬೋಧೆ ಇದು. ನಮ್ಮಲ್ಲಿ ಈ ವಿದ್ಯೆಗೆ ಮೊದಲ ಶಾಲೆ 1936ರಲ್ಲಿ ಮುಂಬಯಿಯಲ್ಲಿ ಟಾಟಾ ಅವರ ಹೆಸರಿನಲ್ಲಿ ತೆರೆಯಿತು. ಕರ್ನಾಟಕದಲ್ಲಿ ಮಂಗಳೂರಿನ ರೋಶನಿ ನಿಲಯ 1960ರಿಂದ ಇದನ್ನು ಕಲಿಸುತ್ತ ಬಂದಿದೆ.

ಮನೋರೋಗದ ವಿಷಯದಲ್ಲಂತೂ ಭಾರತದ ವೈದ್ಯರು ಒಂದು ಹೆಜ್ಜೆ ಮುಂದೆಯೇ ಇದ್ದರು. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿದ್ದ ಡಾ. ವಿದ್ಯಾಸಾಗರ್ ರೋಗಿಯನ್ನು ಬಿಟ್ಟುಹೋಗಲು ಬಂದ ಮನೆಯವರನ್ನೇ ಆಸ್ಪತ್ರೆಯ ಆವರಣದಲ್ಲಿ ಡೇರೆ ಹಾಕಿ ಉಳಿಸಿಕೊಂಡರು. ಒಬ್ಬನನ್ನು ಅವನ ಸಂಸಾರದಿಂದ ಕಿತ್ತು ತಂದು ಗುಣಪಡಿಸಿ, ಮತ್ತೆ ಏನೂ ಬದಲಾಗದ ಅದೇ ಮನೆಗೆ ಕಳಿಸಿದರೆ ಏನು ಬಂತು ಎಂಬುದು ಆ ಕ್ರಮದ ಹಿಂದಿನ ಯೋಚನೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ರೋಗಿಯ ಜೊತೆ ಕುಟುಂಬದವರು ಇರುವ ಪದ್ಧತಿ ಬೇರುಬಿಟ್ಟಿತು.

ಇಷ್ಟು ಕೇಳಿದ ಮೇಲೆ ನೀವು ಕೇಳಬಹುದು: ‘ಹಾಗಾದರೆ ಸ್ವಭಾವ ಅನ್ನೋದೇ ಇಲ್ಲವೇ? ಇದು ಗುಣ, ಇದು ಸನ್ನಿವೇಶ ಅಂತ ಕಂಡುಹಿಡಿಯೋದು ಹೇಗೆ?’ ಹೆರಾಲ್ಡ್ ಕೆಲ್ಲಿ ಎಂಬ ಮನೋವಿಜ್ಞಾನಿ 1967ರಲ್ಲಿ ಇದಕ್ಕೊಂದು ಕ್ರಮ ಹೇಳಿದರು. ಮನೆಮಾತಿನಲ್ಲಿ ಹೇಳುವುದಾದರೆ ಅದು ಮೂರು ಪ್ರಶ್ನೆಗಳು. ಬರೆದುಕೊಳ್ಳುವಷ್ಟೇನೂ ಉದ್ದವಿಲ್ಲ. ಈ ಜಾಗದಲ್ಲಿ ಎಲ್ಲರೂ ಹೀಗೇ ಮಾಡುತ್ತಾರೆಯೇ? ಇವನು ಎಲ್ಲ ಕಡೆಯೂ ಹೀಗೆಯೇ? ಇವನು ಯಾವಾಗಲೂ ಹೀಗೆಯೇ?

ನಮ್ಮ ರಾಜ್ಯದ ಎಷ್ಟೋ ಮನೆಗಳಲ್ಲಿ ನಡೆಯುವ ಒಂದು ಸಂಗತಿಗೆ ಇದನ್ನು ಹಚ್ಚಿ ನೋಡೋಣ. ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದ ಹುಡುಗಿ. ಎಸ್ಸೆಸ್ಸೆಲ್ಸಿಯಲ್ಲಿ ಒಳ್ಳೆಯ ಅಂಕ. ಊರಿನವರು ಶಾಲು ಹೊದಿಸಿ ಸನ್ಮಾನ ಮಾಡಿದ್ದಾರೆ. ತಾಲ್ಲೂಕು ಕೇಂದ್ರದಲ್ಲಿ ಪಿಯುಸಿ ವಿಜ್ಞಾನಕ್ಕೆ ಸೇರುತ್ತಾಳೆ. ಮೊದಲ ಕಿರುಪರೀಕ್ಷೆಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ ಎರಡರಲ್ಲೂ ಫೇಲು. ಮನೆಯಲ್ಲಿ ತೀರ್ಪು ಸಿದ್ಧ: ‘ಕಾಲೇಜು ಮೆಟ್ಟಿಲು ಹತ್ತಿದ ಮೇಲೆ ತಲೆ ತಿರುಗಿದೆ. ಮೊಬೈಲು ಕೊಡಿಸಿದ್ದೇ ತಪ್ಪಾಯ್ತು.’

ಮೊದಲ ಪ್ರಶ್ನೆ: ಎಲ್ಲರೂ ಹೀಗೆಯೇ? ವಿಚಾರಿಸಿದರೆ, ಕನ್ನಡ ಮಾಧ್ಯಮದಿಂದ ಬಂದ ಅವಳ ಗೆಳತಿಯರ ಗತಿಯೂ ಹೆಚ್ಚುಕಡಿಮೆ ಅದೇ. ಎರಡನೆಯದು: ಎಲ್ಲ ಕಡೆಯೂ ಹೀಗೆಯೇ? ಇಲ್ಲ, ಕನ್ನಡದಲ್ಲಿ ಅವಳೇ ತರಗತಿಗೆ ಮೊದಲು. ಮೂರನೆಯದು: ಯಾವಾಗಲೂ ಹೀಗೆಯೇ? ಮೊನ್ನೆ ಮೊನ್ನೆ ಸನ್ಮಾನ ಮಾಡಿದವರೇ ನಾವಲ್ಲವೇ! ಮೂರೂ ಉತ್ತರ ಒಂದೇ ಕಡೆ ಬೆರಳು ತೋರಿಸುತ್ತವೆ. ಹತ್ತು ವರ್ಷ ಕನ್ನಡದಲ್ಲಿ ಕಲಿತ ವಿಜ್ಞಾನ ಬೇಸಿಗೆ ರಜೆ ಕಳೆಯುವಷ್ಟರಲ್ಲಿ ಇಂಗ್ಲಿಷಿಗೆ ತಿರುಗಿಬಿಟ್ಟಿದೆ. ಜೊತೆಗೆ ಬೆಳಗ್ಗೆ ಆರೂವರೆಯ ಬಸ್ಸಿಗೆ ಹೋದವಳು ಮನೆ ಸೇರುವುದು ಕತ್ತಲಾದ ಮೇಲೆ. ಅರ್ಥವಾಗದ ಪಾಠದ ಮುಂದೆ ಮೊಬೈಲು ಹಿಡಿದು ಕೂತಿದ್ದನ್ನು ನಾವು ಕಂಡೆವು. ಪಾಠ ಅರ್ಥವಾಗದೆ ಕೂತಿದ್ದನ್ನು ಕಾಣಲಿಲ್ಲ. ಈಗ ಮಾಡಬೇಕಾದ್ದು ಬೈಗುಳವಲ್ಲ. ಪಾರಿಭಾಷಿಕ ಪದಗಳ ಒಂದು ಪಟ್ಟಿ ಮಾಡಿಕೊಳ್ಳಲು ಮೇಷ್ಟ್ರ ನೆರವು, ಕನ್ನಡ ಮಾಧ್ಯಮದಿಂದಲೇ ಬಂದ ಮೇಲಿನ ತರಗತಿಯ ಒಬ್ಬಳ ಸಹವಾಸ, ಸಾಧ್ಯವಾದರೆ ಹಾಸ್ಟೆಲ್ಲು. ಮೂರೂ ಪ್ರಶ್ನೆಗೆ ಉತ್ತರ ಬೇರೆಯಾಗಿದ್ದು, ಉಳಿದವರೆಲ್ಲ ಪಾಸಾಗಿ, ಇವಳೊಬ್ಬಳೇ ಎಲ್ಲ ವಿಷಯಗಳಲ್ಲೂ ಮೊದಲಿನಿಂದಲೂ ಹಿಂದಿದ್ದರೆ, ಆಗ ಅವಳ ಕಲಿಕೆಯ ಬಗೆಯನ್ನೇ ಪರೀಕ್ಷೆ ಮಾಡಿಸಬೇಕಾಗುತ್ತದೆ. ಅಲ್ಲಿಯೂ ‘ದಡ್ಡಿ’ ಎಂಬ ಪದಕ್ಕೆ ಕೆಲಸವಿಲ್ಲ.

ಗುಣವೋ ಸನ್ನಿವೇಶವೋ ಎಂಬ ಈ ವಿಚಾರದಲ್ಲಿ ನಮ್ಮ ಮೈಸೂರಿಗೆ ಒಂದು ವಿಶೇಷ ಸ್ಥಾನವಿದೆ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಮನಶ್ಶಾಸ್ತ್ರದ ವಿಭಾಗ 1924ರಲ್ಲೇ ಶುರುವಾಗಿತ್ತು. ಅದನ್ನು ಕಟ್ಟಿದ ಪ್ರೊ. ಎಂ. ವಿ. ಗೋಪಾಲಸ್ವಾಮಿ ಅವರೇ 1935ರಲ್ಲಿ ತಮ್ಮ ಮನೆಯಿಂದ ಆಕಾಶವಾಣಿ ಎಂಬ ಹೆಸರಿನ ಬಾನುಲಿ ಪ್ರಸಾರ ಆರಂಭಿಸಿದವರು. ಮನಸ್ಸಿನ ವಿದ್ಯೆಗೂ ರೇಡಿಯೋಗೂ ಇರುವ ನೆಂಟಸ್ತಿಕೆ ಅಷ್ಟು ಹಳೆಯದು. ಅದೇ ಮೈಸೂರಿನಲ್ಲಿ ಜೋನ್ ಮಿಲ್ಲರ್ ಎಂಬ ಅಮೆರಿಕದ ಸಂಶೋಧಕಿ ಒಂದು ಅಧ್ಯಯನ ಮಾಡಿದರು; ಅದು ಪ್ರಕಟವಾದದ್ದು 1984ರಲ್ಲಿ. ಮೈಸೂರಿನವರನ್ನೂ ಶಿಕಾಗೋದವರನ್ನೂ, ಎಂಟು ವರ್ಷದ ಮಕ್ಕಳಿಂದ ಹಿಡಿದು ದೊಡ್ಡವರವರೆಗೆ ಮಾತಾಡಿಸಿ, ಬೇರೆಯವರ ನಡವಳಿಕೆಗೆ ಅವರು ಕೊಡುವ ಕಾರಣಗಳನ್ನು ಹೋಲಿಸಿದರು.

ಅದರಲ್ಲಿ ಬರುವ ಒಂದು ಪ್ರಸಂಗ ಹೀಗಿದೆ. ಒಬ್ಬ ವಕೀಲ ಮೋಟರ್‌ಸೈಕಲ್ಲಿನಲ್ಲಿ ಕೋರ್ಟಿಗೆ ಹೊರಟಿದ್ದಾನೆ. ಹಿಂದಿನ ಚಕ್ರ ಸಿಡಿದು, ಹಿಂದೆ ಕೂತವನು ಬಿದ್ದು ತಲೆಗೆ ಪೆಟ್ಟಾಗುತ್ತದೆ. ವಕೀಲ ಅವನನ್ನು ಆಸ್ಪತ್ರೆಗೆ ಸೇರಿಸಿ, ವೈದ್ಯರನ್ನು ಸರಿಯಾಗಿ ವಿಚಾರಿಸದೆ ಕೋರ್ಟಿಗೆ ಹೋಗಿಬಿಡುತ್ತಾನೆ. ಗಾಯಾಳು ಕೊನೆಗೆ ತೀರಿಕೊಳ್ಳುತ್ತಾನೆ. ವಕೀಲ ಯಾಕೆ ಹಾಗೆ ಮಾಡಿದ? ಶಿಕಾಗೋದವರ ಉತ್ತರ ಬೇಜವಾಬ್ದಾರಿ, ಸ್ವಾರ್ಥ ಎಂಬ ಕಡೆಗೆ ವಾಲಿತು. ಮೈಸೂರಿನವರು ಕೋರ್ಟಿನಲ್ಲಿ ಅವನಿಗಾಗಿ ಕಾದಿದ್ದ ಕಕ್ಷಿದಾರನನ್ನೂ, ಅವನ ಗಾಬರಿಯನ್ನೂ ಲೆಕ್ಕಕ್ಕೆ ತೆಗೆದುಕೊಂಡರು. ಅವನು ಮಾಡಿದ್ದು ಸರಿ ಎಂದು ಅವರು ಹೇಳಲಿಲ್ಲ. ಅವನು ನಿಂತಿದ್ದ ಜಾಗದಲ್ಲಿ ನಿಂತು ನೋಡಿದರು, ಅಷ್ಟೇ. ಇನ್ನೂ ದೊಡ್ಡ ಸಂಗತಿ ಮಕ್ಕಳದು. ಎಂಟು ವರ್ಷದ ಮಕ್ಕಳಲ್ಲಿ ಎರಡೂ ಊರುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ಅದು ಹೆಚ್ಚಿದ್ದು ವಯಸ್ಸಿನೊಂದಿಗೆ. ಅಂದರೆ ಸ್ವಭಾವವನ್ನು ದೂರುವುದಾಗಲಿ, ಸನ್ನಿವೇಶವನ್ನು ಗಮನಿಸುವುದಾಗಲಿ ಹುಟ್ಟಿನಿಂದ ಬಂದದ್ದಲ್ಲ. ದೊಡ್ಡವರ ಬಾಯಿಂದ ಮಕ್ಕಳು ಕಲಿಯುವುದು.

ಸನ್ನಿವೇಶವನ್ನು ಗಮನಿಸುವ ಈ ನೋಟದಿಂದ ಏನಾದರೂ ಪ್ರಯೋಜನವಾಯಿತೇ? ಆಗಿದೆ. ಮಾನಸಿಕ ಕಾಯಿಲೆಯವರನ್ನು ಮನೆಯವರು ಅಲಕ್ಷ್ಯ ಮಾಡುತ್ತಾರೆ, ಮಂತ್ರ ಯಂತ್ರ ಎಂದು ಅಲೆಯುತ್ತಾರೆ ಎಂದು ಹಳ್ಳಿಯವರನ್ನು ದೂರುವುದು ಸುಲಭವಿತ್ತು. 1985ರಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಬೇರೆ ದಾರಿ ಹಿಡಿಯಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ, ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟು, ಔಷಧಿಯನ್ನು ಊರಿನ ಹತ್ತಿರಕ್ಕೆ ತಂದಿತು. ಕೂಲಿ ಬಿಟ್ಟು, ಸಾಲ ಮಾಡಿ, ರೋಗಿಯನ್ನು ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಕರೆತರುವ ಪಾಡು ತಪ್ಪಿದಾಗ ಜನ ಚಿಕಿತ್ಸೆಗೆ ಬಂದರು. 1996ರಲ್ಲಿ ಇಡೀ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದು ಈ ಬಳ್ಳಾರಿಯೇ.

ರಸ್ತೆ ಅಪಘಾತದ ಮಾತೂ ಹಾಗೆಯೇ. ‘ಜನಕ್ಕೆ ಮನುಷ್ಯತ್ವವೇ ಇಲ್ಲ, ಸುಮ್ಮನೆ ನಿಂತು ನೋಡ್ತಾರೆ’ ಎನ್ನುತ್ತೇವೆ. ನಿಂತವರ ಮನಸ್ಸಿನಲ್ಲಿದ್ದದ್ದು ಠಾಣೆ, ಕೋರ್ಟು, ಸಾಕ್ಷಿ ಎಂಬ ಅಲೆದಾಟದ ಹೆದರಿಕೆ. ಅದಕ್ಕೇ 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ 134ಎ ಎಂಬ ಕಲಮು ಸೇರಿತು. ಒಳ್ಳೆಯ ಮನಸ್ಸಿನಿಂದ ಗಾಯಾಳುವಿಗೆ ನೆರವಾದವರ ಮೇಲೆ ದಾವೆಯಿಲ್ಲ, ಹೆಸರು ಹೇಳೆಂಬ ಬಲವಂತವೂ ಇಲ್ಲ. ಇದು ನಿಮಗೆ ಗೊತ್ತಿದ್ದರೆ ಇನ್ನೊಬ್ಬರಿಗೂ ಹೇಳಿ. ನೀತಿಪಾಠಕ್ಕಿಂತ ಅದು ಹೆಚ್ಚು ಜೀವ ಉಳಿಸುತ್ತದೆ.

ಇಲ್ಲಿ ಒಂದು ಎಚ್ಚರದ ಮಾತು. ಕಾರಣ ಹುಡುಕುವುದೆಂದರೆ ತಪ್ಪನ್ನು ಮನ್ನಿಸುವುದಲ್ಲ. ಸಮಾಜಕಾರ್ಯದ ಪಾಠಗಳಲ್ಲಿ ಇವತ್ತಿಗೂ ಹೆಸರು ಕೇಳಿಬರುವ ಫೆಲಿಕ್ಸ್ ಬೀಸ್ಟೆಕ್ 1957ರಲ್ಲೇ ಇದನ್ನು ಬಿಡಿಸಿ ಹೇಳಿದ್ದರು: ವ್ಯಕ್ತಿಯನ್ನು ಒಪ್ಪಿಕೊಳ್ಳುವುದು ಬೇರೆ, ಅವನ ಕೆಲಸವನ್ನು ಒಪ್ಪುವುದು ಬೇರೆ. ಹೆಂಡತಿಯನ್ನು ಹೊಡೆಯುವ ಗಂಡನ ಪರವಾಗಿ ‘ಕೆಲಸದ ಒತ್ತಡ, ಕುಡಿದಿದ್ದ, ಪಾಪ’ ಎಂದು ಹೇಳುವವರು ಪ್ರತಿ ಬೀದಿಯಲ್ಲಿದ್ದಾರೆ. ಅವರ ಮುಂದೆ ಎರಡನೆಯ ಪ್ರಶ್ನೆ ಇಡಿ: ಇವನು ಎಲ್ಲ ಕಡೆಯೂ ಹೀಗೆಯೇ? ಅದೇ ಒತ್ತಡ ಕೊಟ್ಟ ಮೇಲಧಿಕಾರಿಗೆ ಅವನು ಕೈಯೆತ್ತಿದನೇ? ಇಲ್ಲ. ಯಾರಿಗೆ ಹೊಡೆದರೆ ನಡೆಯುತ್ತದೆ ಎಂಬ ಲೆಕ್ಕ ಕುಡಿದಾಗಲೂ ತಪ್ಪಲಿಲ್ಲ. ಹಾಗಾದರೆ ಸನ್ನಿವೇಶದ ನೆಪಕ್ಕೆ ಅಲ್ಲಿ ಜಾಗವಿಲ್ಲ. ಅಂಥ ಹೆಣ್ಣುಮಗಳಿಗೆ ‘ಹೊಂದಿಕೊಂಡು ಹೋಗು’ ಎನ್ನುವ ಬದಲು 181 ಎಂಬ ಮಹಿಳಾ ಸಹಾಯವಾಣಿಯ ಸಂಖ್ಯೆ ಕೊಡಿ. ಕೌಟುಂಬಿಕ ಹಿಂಸೆಯಿಂದ ಅವಳ ರಕ್ಷಣೆಗೆ 2005ರ ಕಾಯ್ದೆಯಿದೆ ಎಂದು ಹೇಳಿ.

ಮೂರನೆಯ ಪ್ರಶ್ನೆಗೂ ಒಂದು ವಿಶೇಷ ಉಪಯೋಗವಿದೆ. ಯಾವಾಗಲೂ ನಗುನಗುತ್ತ ಇದ್ದವರು ವಾರಗಟ್ಟಲೆ ಮಂಕಾಗಿದ್ದರೆ, ನಿದ್ದೆ ಊಟ ಕೆಟ್ಟಿದ್ದರೆ, ಇಷ್ಟದ ಕೆಲಸವೂ ಬೇಡವಾಗಿದ್ದರೆ, ಬದುಕಿ ಏನು ಫಲ ಎಂಬಂಥ ಮಾತು ಬರುತ್ತಿದ್ದರೆ ಅದನ್ನು ಸ್ವಭಾವ ಎನ್ನಬೇಡಿ, ಸೋಮಾರಿತನ ಎನ್ನಬೇಡಿ. ಅದು ಕಾಯಿಲೆಯಾಗಿರಬಹುದು, ಕಾಯಿಲೆಗೆ ಚಿಕಿತ್ಸೆಯಿದೆ. ಟೆಲಿ-ಮಾನಸ್ ಎಂಬ ಸರ್ಕಾರಿ ಸಹಾಯವಾಣಿ 2022ರ ಅಕ್ಟೋಬರ್ 10ರಿಂದ ಕೆಲಸ ಮಾಡುತ್ತಿದೆ. ಸಂಖ್ಯೆ 14416. ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಸಂಖ್ಯೆಯನ್ನು ಮತ್ತೊಮ್ಮೆ ಹೇಳುತ್ತೇನೆ: ಒಂದು, ನಾಲ್ಕು, ನಾಲ್ಕು, ಒಂದು, ಆರು.

ಕೇಳುಗರೇ, ಇವೆಲ್ಲಕ್ಕೂ ದೊಡ್ಡ ಓದು ಬೇಕಿಲ್ಲ. ಈ ವಾರ ನಿಮ್ಮ ಮನೆಯಲ್ಲೋ ಕಚೇರಿಯಲ್ಲೋ ಒಬ್ಬರ ಮೇಲೆ ನಿಮಗೆ ಬೇಸರ ಬಂದೇ ಬರುತ್ತದೆ. ಆಗ ಆ ಮೂರು ಪ್ರಶ್ನೆಗಳನ್ನು ಮನಸ್ಸಿನಲ್ಲೇ ಕೇಳಿಕೊಳ್ಳಿ. ಉತ್ತರ ಹೊಳೆಯದಿದ್ದರೆ ಅವರನ್ನೇ ಕೇಳಿ. ಕೇಳುವಾಗ ಮಾತ್ರ ‘ಯಾಕೆ ಹೀಗೆ ಮಾಡ್ದೆ?’ ಎನ್ನಬೇಡಿ, ಆ ಪ್ರಶ್ನೆಗೆ ಯಾರೂ ನಿಜ ಹೇಳುವುದಿಲ್ಲ, ಸಮಜಾಯಿಷಿ ಹೇಳುತ್ತಾರೆ. ‘ಏನಾಯ್ತು?’ ಎಂದು ಕೇಳಿ, ಆಮೇಲೆ ನಡುವೆ ಬಾಯಿ ಹಾಕದೆ ಪೂರ್ತಿ ಕೇಳಿಸಿಕೊಳ್ಳಿ.